ಮನೆ ಬಾಡಿಗೆಗಿದೆ, ಹೊಗೆ ಸಮೇತ

ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಮಲೆನಾಡಿನ ಮನೆಗಳಲ್ಲಿ ಏನು ನಡೆಯುತ್ತದೆ ಎಂದು ಹೇಳಲು ಜೋಯಿಸರು ಬೇಡ. ಮೊದಲನೆಯ ವರ್ಷ ಬಾವಿಗೆ ಪಂಪು. ಎರಡನೆಯ ವರ್ಷ ಮಗಳ ಮದುವೆ, ಮಗಳಿಲ್ಲದಿದ್ದರೆ ಜೀಪು. ಮೂರನೆಯ ವರ್ಷ ಗುಡ್ಡ ತರಿದು ಹೊಸ ತೋಟ. ನಾಲ್ಕನೆಯ ವರ್ಷ ಧಾರಣೆ ಬಿದ್ದಿರುತ್ತದೆ, ಪಟ್ಟಿ ಅಲ್ಲಿಗೆ ಮುಗಿಯುತ್ತದೆ. ಈಚೆಗೆ ಈ ಪಟ್ಟಿಗೊಂದು ಹೊಸ ಬಾಬತ್ತು ಸೇರಿದೆ, ಬಾಡಿಗೆ ಮನೆ. ತೀರ್ಥಹಳ್ಳಿ, ಹೊಸನಗರ, ಸಾಗರದ ತೋಟಗಳಿಗೆ ಎಲೆಚುಕ್ಕಿ ರೋಗ ಕಾಲಿಟ್ಟ ಮೇಲೆ ಮದುವೆಮನೆಯ ಪಂಕ್ತಿಯಲ್ಲಿ ಬೋರ್ಡೋ ದ್ರಾವಣದ ಮಾತು ಕಡಿಮೆಯಾಗಿ, “ಶಿವಮೊಗ್ಗದಲ್ಲಿ ಎರಡು ಮನೆ ಬಾಡಿಗೆಗೆ ಬಿಟ್ಟಿದ್ದೇನೆ ಮಾರಾಯ್ರೆ, ತಿಂಗಳಾದರೆ ದುಡ್ಡು” ಎಂಬ ಮಾತು ಹೆಚ್ಚಾಗಿದೆ. ಗೋಡೆಗೆ ಎಲೆಚುಕ್ಕಿ ಬರುವುದಿಲ್ಲ ಎಂಬುದು ಅವರ ಧೈರ್ಯ. ಮಲೆನಾಡಿನ ಗೋಡೆಗೆ ಏನೇನು ಬರುತ್ತದೆ ಎಂದು ನನ್ನನ್ನು ಕೇಳಬೇಕು.

ನಾನು ಸಾಗರದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಸರಳ ಬಡ್ಡಿಯ ಲೆಕ್ಕದಲ್ಲಿ ರಾಮನೆಂಬವನು ಯಾವಾಗಲೂ ಹತ್ತು ಸಾವಿರ ಹೂಡುತ್ತಿದ್ದ, ಯಾವಾಗಲೂ ಲಾಭ ತೆಗೆಯುತ್ತಿದ್ದ. ಅವನ ಮನೆಯ ಸೂರು ಸೋರಿದ ಲೆಕ್ಕ ಯಾವ ಪಠ್ಯದಲ್ಲೂ ಇರಲಿಲ್ಲ. ನಿವೃತ್ತಿಯ ದುಡ್ಡು ಕೈಗೆ ಬಂದಾಗ ಬಾಡಿಗೆಗೆ ಬಿಡಬಹುದಾದ ಆಸ್ತಿ ನಮ್ಮ ಬಳಿ ಎರಡಿತ್ತು. ಒಂದು, ಸಾಗರದಲ್ಲಿ ನಾವಿರುವ ಮನೆಯ ಮಹಡಿ. ಇನ್ನೊಂದು, ಹೊಸನಗರ ತಾಲ್ಲೂಕಿನ ನಗರವೆಂಬ ಊರಿನ ಸಮೀಪ ಇವರ ಹಿರೀಕರು ಕಟ್ಟಿಸಿದ ತೊಟ್ಟಿ ಮನೆ. ಅತ್ತೆ ನಮ್ಮ ಜೊತೆ ಇರಲು ಸಾಗರಕ್ಕೆ ಬಂದ ಮೇಲೆ ಅದಕ್ಕೆ ಬೀಗ ಬಿದ್ದಿತ್ತು. ಇವರು ತೋಟ ನೋಡಲು ಹೋದಾಗ ಜಗಲಿಯ ಮೇಲೆ ಬುತ್ತಿ ಬಿಚ್ಚಿ ಉಂಡು, ಒಳಗೆ ಹೋಗದೆಯೇ ಬರುತ್ತಿದ್ದರು.

ಇವನ್ನು ಬಾಡಿಗೆಗೆ ಬಿಡುವ ಸುದ್ದಿ ಡಲ್ಲಾಸಿನಲ್ಲಿರುವ ಅಕ್ಕನ ಮಗನಿಗೆ ತಲುಪಿತು. ಅವನು ಅಲ್ಲಿ ಹಳೆಯ ಮನೆ ಕೊಂಡು, ರಜೆಯಲ್ಲಿ ತಾನೇ ಬಣ್ಣ ಬಳಿದು, ಬಾಡಿಗೆಗೆ ಬಿಡುವ ಉಪಕಸುಬು ಹಿಡಿದವನು. ವಿಡಿಯೊ ಕಾಲಿನಲ್ಲಿ ನನಗೇ ಪಾಠ ಶುರುಮಾಡಿದ. “ಚಿಕ್ಕಮ್ಮಾ, ಒಂದೇ ಸೂತ್ರ. ತಿಂಗಳ ಬಾಡಿಗೆ ಮನೆ ಬೆಲೆಯ ನೂರಕ್ಕೆ ಒಂದಾದರೂ ಬರಬೇಕು. ಬರದಿದ್ದರೆ ಆ ಮನೆ ಮುಟ್ಟಬೇಡ.” ಸಾಗರದ ಮಹಡಿಗೆ ನಲವತ್ತು ಲಕ್ಷ ಬೆಲೆ ಕಟ್ಟಿದರೆ ಕಾಲೇಜು ಹುಡುಗಿಯರ ಹತ್ತಿರ ತಿಂಗಳಿಗೆ ನಲವತ್ತು ಸಾವಿರ ಕೇಳಬೇಕಾಗುತ್ತದೆ. ಅವರು ಅಷ್ಟು ಕೊಡುವುದಾದರೆ ಸಾಗರಕ್ಕೆ ಓದಲು ಯಾಕೆ ಬರುತ್ತಾರೆ? ನಮ್ಮ ಊರುಗಳಲ್ಲಿ ಮನೆಯ ಬೆಲೆಗೆ ವರ್ಷಕ್ಕೆ ನೂರಕ್ಕೆ ಮೂರು ಹುಟ್ಟಿದರೆ ಪುಣ್ಯ, ಅವನ ಸೂತ್ರಕ್ಕೆ ಹನ್ನೆರಡು ಬೇಕು. “ಮಳೆ ನಮಗೆ ಜಾಸ್ತಿ, ಬಾಡಿಗೆ ಅವರಿಗೆ ಜಾಸ್ತಿ. ದೇವರು ಎರಡನ್ನೂ ಒಬ್ಬರಿಗೇ ಕೊಡುವುದಿಲ್ಲ” ಎಂದು ಇವರು ಪೇಪರು ಮಡಿಸಿದರು.

ಸೂತ್ರ ಹುಡುಕಿಕೊಂಡು ಡಲ್ಲಾಸಿನವರೆಗೆ ಹೋಗಬೇಕಾಗಿಯೂ ಇರಲಿಲ್ಲ. ಇವರ ಮನೆಯ ಗುಡ್ಡ ಇಳಿದರೆ ಬಿದನೂರು, ಈಗಿನ ನಗರ. 1645ರಿಂದ 1660ರವರೆಗೆ ಅಲ್ಲಿ ಕುಳಿತು ಆಳಿದ ಕೆಳದಿಯ ಶಿವಪ್ಪ ನಾಯಕನಿಗೂ ಇದೇ ಪ್ರಶ್ನೆ ಎದುರಾಗಿತ್ತು: ಒಂದು ಆಸ್ತಿಯಿಂದ ಎಷ್ಟು ಕೇಳಿದರೆ ನ್ಯಾಯ? ಅವನು ಹಳ್ಳಿ ಹಳ್ಳಿಯಲ್ಲೂ ಒಂದೊಂದು ತರದ ಜಮೀನು ಆರಿಸಿದನಂತೆ. ಬಿತ್ತಿದ್ದೆಷ್ಟು, ಬೆಳೆದದ್ದೆಷ್ಟು, ಪೇಟೆಯ ಧಾರಣೆ ಎಷ್ಟು ಎಂದು ಹನ್ನೆರಡು ವರ್ಷ ಲೆಕ್ಕ ಬರೆಸಿ, ಆ ಮೇಲೆ ಕಂದಾಯ ನಿಗದಿ ಮಾಡಿದನಂತೆ. ಬಿ.ಎಲ್. ರೈಸ್ ತನ್ನ ಮೈಸೂರು ಗೆಜೆಟಿಯರಿನಲ್ಲಿ ಇದನ್ನು ದಾಖಲಿಸಿದ್ದಾನೆ. ಆ ವ್ಯವಸ್ಥೆಯನ್ನು ಜನ ಇಂದಿಗೂ ಶಿವಪ್ಪ ನಾಯಕನ ಶಿಸ್ತು ಎನ್ನುತ್ತಾರೆ. ಹದಿನೈದು ವರ್ಷ ಆಳಿದವನು ಹನ್ನೆರಡು ವರ್ಷದ ಲೆಕ್ಕಕ್ಕೆ ಕಾದ ಎಂದರೆ ಎಂಥ ತಾಳ್ಮೆ! ನಮ್ಮ ಅಕ್ಕನ ಮಗ ಮೂರು ನಿಮಿಷದಲ್ಲಿ ಮುಗಿಸಿದ್ದ. ಆದರೆ ಅಷ್ಟೆಲ್ಲ ಲೆಕ್ಕ ಹಾಕಿದ ರಾಜಧಾನಿಯೂ 1763ರಲ್ಲಿ ಹೈದರಾಲಿಯ ಕೈಸೇರಿ ಹೈದರ್‌ನಗರವಾಯಿತು. ಮುಂದೆ ತಾಲ್ಲೂಕು ಕಚೇರಿಯೂ ಕಲ್ಲೂರುಕಟ್ಟೆಗೆ ಹೋಯಿತು, ಆ ಊರೇ ಹೊಸನಗರವಾಯಿತು. ಆಸ್ತಿ ಕೊಳ್ಳುವ ಮೊದಲು ಲೊಕೇಶನ್ ನೋಡಿ, ಲೊಕೇಶನ್ ನೋಡಿ ಎನ್ನುವವರು ಒಮ್ಮೆ ಬಿದನೂರಿನ ಕೋಟೆ ಹತ್ತಿ ನೋಡಬೇಕು.

ಲೆಕ್ಕ ಏನೇ ಹೇಳಲಿ, ಅತ್ತೆಯ ಒಪ್ಪಿಗೆ ಇಲ್ಲದೆ ಆ ಮನೆಯ ಬೀಗ ತೆಗೆಯುವ ಹಾಗಿರಲಿಲ್ಲ. ಮಾತು ಎತ್ತಿದ ಕೂಡಲೇ ಅವರು ಹೇಳಿದ್ದು ಒಂದೇ ವಾಕ್ಯ: “ಗೇಣಿಗೆ ಕೊಟ್ಟಿದ್ದು ತಿರುಗಿ ಬಂದಿದ್ದು ನಾನಂತೂ ಕಂಡಿಲ್ಲ.”

“ಇದು ಗೇಣಿ ಅಲ್ಲ ಅತ್ತೆ, ಬಾಡಿಗೆ.”

“ಆವಾಗಲೂ ತರಾವರಿ ಹೆಸರಿತ್ತು. ಶಾಶ್ವತದ್ದಕ್ಕೆ ಮೂಲಗೇಣಿ ಅಂದ್ರು, ವರ್ಷವರ್ಷದ್ದಕ್ಕೆ ಚಾಲಗೇಣಿ ಅಂದ್ರು. ಹೋಗುವಾಗ ಎಲ್ಲ ಒಟ್ಟಿಗೇ ಹೋಯ್ತು.”

ಅತ್ತೆಯ ಹೆದರಿಕೆಗೆ ತಾರೀಖು ಇದೆ, 1974ರ ಮಾರ್ಚ್ 1. ಅದಕ್ಕೂ ಹಿಂದಿನ ಕತೆ ಸಾಗರ ತಾಲ್ಲೂಕಿನದೇ. 1951ರಲ್ಲಿ ಕಾಗೋಡಿನ ಗೇಣಿದಾರರು ಒಡೆಯರ ವಿರುದ್ಧ ಎದ್ದು ನಿಂತದ್ದು ಮೇಲ್ನೋಟಕ್ಕೆ ಸಣ್ಣ ವಿಷಯಕ್ಕೆ. ಗೇಣಿಯ ಭತ್ತ ಅಳೆಯುವ ಕೊಳಗ ದೊಡ್ಡದಾಗಿತ್ತು, ಅದು ಸರಿಯಾದ ಅಳತೆಯದಾಗಲಿ ಎಂದು ಕೇಳಿದರು. ಎಚ್. ಗಣಪತಿಯಪ್ಪ ಮುಂದೆ ನಿಂತರು, ಸಮಾಜವಾದಿಗಳು ಜೊತೆಯಾದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ತೀರ್ಥಹಳ್ಳಿ ಕಡೆಯ ಶಾಂತವೇರಿ ಗೋಪಾಲಗೌಡರು ಸಾಗರ, ಹೊಸನಗರದ ಜನರಿಂದ ವಿಧಾನಸಭೆಗೆ ಆರಿಸಿ ಹೋದರು. ಕೊಳಗದ ಬಾಯಿಂದ ಹೊರಟ ತಕರಾರು ದೇವರಾಜ ಅರಸರ ಕಾಲಕ್ಕೆ ಕಾಯಿದೆಯೇ ಆಗಿ, ಆ ತಾರೀಖಿಗೆ ಜಾರಿಗೆ ಬಂದು, ಉಳುವವನು ಹೊಲದ ಒಡೆಯನಾದ. ಗೇಣಿದಾರ ಫಾರಂ ನಂಬರ್ 7 ತುಂಬಿ ಭೂನ್ಯಾಯ ಮಂಡಳಿಗೆ ಕೊಟ್ಟರೆ ಸಾಕಿತ್ತು. ನಮ್ಮ ಕಡೆ ಇದಕ್ಕೆ ‘ಡಿಕ್ಲರೇಷನ್ ಹಾಕುವುದು’ ಎನ್ನುತ್ತಾರೆ. ಇವರ ಮನೆಯ ಗದ್ದೆಗಳೆಲ್ಲ ಹಾಗೆ ಹೋದವು. ಉಳಿದದ್ದು ತೋಟ, ಮನೆ, ಮತ್ತು ಅತ್ತೆಯ ಆ ಒಂದು ವಾಕ್ಯ.

ನಾನು ಬಂದದ್ದು ಡಿಕ್ಲರೇಷನ್ ಹಾಕಿದವರ ಮನೆಯಿಂದ. ತವರು ತೀರ್ಥಹಳ್ಳಿ ತಾಲ್ಲೂಕು. ಅಜ್ಜ ಬೇರೆಯವರ ಗದ್ದೆ ಗೇಣಿಗೆ ಮಾಡಿ ಮುದುಕನಾದವನು. ಅಪ್ಪ ಆ ಫಾರಂ ನಂಬರ್ 7 ಅನ್ನು ನೆನೆಯದ ಹಾಗೆ ಕೊಡೆಯ ಮಡಿಕೆಯೊಳಗಿಟ್ಟುಕೊಂಡು, ತಾನು ನೆನೆಯುತ್ತ ತಾಲ್ಲೂಕು ಕಚೇರಿಗೆ ನಡೆದದ್ದನ್ನು ಅಮ್ಮ ನೂರು ಸಲ ಹೇಳಿದ್ದಾಳೆ. ನಮ್ಮ ಮನೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ಅರಸರ ಪಟ ಇತ್ತು. ಮದುವೆಯಾಗಿ ಬಂದ ಮನೆಯಲ್ಲಿ ರೇಡಿಯೊ ಅರಸರ ಹೆಸರು ಹೇಳಿದರೆ ಅತ್ತೆ ಒಗ್ಗರಣೆಗೆ ಸಾಸಿವೆ ಜಾಸ್ತಿ ಹಾಕಿ ಸಿಡಿಸುತ್ತಿದ್ದರು. ಸಂಬಂಧ ಕೂಡಿಸುವಾಗ ಜಾತಕ ನೋಡಿದ್ದರು. ಎರಡೂ ಕಡೆಯವರು ಪಹಣಿ ನೋಡಿರಲಿಲ್ಲ.

ಹಾಗಾಗಿ ನಮ್ಮ ಬಾಡಿಗೆ ವ್ಯವಹಾರ ಎರಡು ಹಳೆಯ ಭಯಗಳ ನಡುವೆ ಶುರುವಾಯಿತು. ಗೇಣಿ ಅಳೆದುಕೊಟ್ಟವರ ಮೊಮ್ಮಗಳಿಗೆ ಬಾಯಿಬಿಟ್ಟು ಬಾಡಿಗೆ ಕೇಳಲು ಸಂಕೋಚ, ಕಳೆದುಕೊಂಡವರ ಮಗನಿಗೆ ಕೀಲಿಕೈ ಕೊಡಲು ಹೆದರಿಕೆ. ಸಾಗರದ ವಕೀಲರೊಬ್ಬರು ಇಬ್ಬರನ್ನೂ ಕೂರಿಸಿಕೊಂಡು ಬುದ್ಧಿ ಹೇಳಿದರು. ಭೂಸುಧಾರಣೆ ಕಾಯಿದೆ ಸಾಗುವಳಿ ಭೂಮಿಯದು, ಮನೆ ಬಾಡಿಗೆಗೆ 1999ರ ಕರ್ನಾಟಕ ಬಾಡಿಗೆ ಕಾಯಿದೆ ಬೇರೆಯೇ ಇದೆ. ವರ್ಷಕ್ಕೆ ಮೀರಿದ ಕರಾರನ್ನು 1908ರ ನೋಂದಣಿ ಕಾಯಿದೆಯ ಪ್ರಕಾರ ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ಬೇಡವೆಂದೇ ದೇಶದ ತುಂಬ ಜನ ಹನ್ನೊಂದು ತಿಂಗಳಿಗೆ ಬರೆಸಿಕೊಳ್ಳುತ್ತಾರೆ. ಮನೆಗೆ ಬಂದು ಅತ್ತೆಗೆ ಇದನ್ನೆಲ್ಲ ವಿವರಿಸಿದೆ. ಅವರು ಕಣ್ಣುಮುಚ್ಚಿ ಕೇಳಿ, “ಹನ್ನೊಂದು ತಿಂಗಳಾದ್ಮೇಲೆ?” ಎಂದರು. “ಮತ್ತೆ ಹನ್ನೊಂದು.” “ಅಂದ್ರೆ ಚಾಲಗೇಣಿ” ಎಂದು ತಲೆದೂಗಿದರು. ವಕೀಲರಿಗೆ ಒಂದು ಗಂಟೆ ಹಿಡಿದದ್ದು ಅವರಿಗೆ ಒಂದು ಪದ ಸಾಕಾಯಿತು. ಒಪ್ಪಿಗೆಯೂ ಅದರಲ್ಲೇ ಇತ್ತು.

ಇನ್ನು ಬೀಗ ತೆಗೆದದ್ದು. ತೊಟ್ಟಿ ಮನೆಯನ್ನು ಚಿತ್ರದಲ್ಲಿ ನೋಡಿ ಮರುಳಾದವರಿಗೆ ಅದರ ಒಳಗಿನ ವ್ಯವಹಾರ ಗೊತ್ತಿರುವುದಿಲ್ಲ. ನಡುವೆ ಆಕಾಶಕ್ಕೆ ತೆರೆದ ಅಂಗಳ, ನಾಲ್ಕೂ ಸುತ್ತಿನ ಮಾಡು ಅದಕ್ಕೇ ಇಳಿಜಾರು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ ಕೆಲವು ವರ್ಷ ಅದನ್ನೂ ಮೀರಿಸುತ್ತದೆ. ಅಂಥ ಸೀಮೆಯಲ್ಲಿ ನಮ್ಮ ಹಿರೀಕರು ಮಳೆಯನ್ನು ಹೊರಗಿಡುವ ಬದಲು ನಡುಮನೆಗೇ ಬರಮಾಡಿಕೊಂಡು, ಕಲ್ಲಿನ ದೋಣಿಯಲ್ಲಿ ಹರಿಸಿ ಕಳಿಸುವ ಮನೆ ಕಟ್ಟಿದರು. ಮಳೆಯೇ ಅಲ್ಲಿನ ಮೂಲಗೇಣಿಯ ಒಕ್ಕಲು. ಉಳಿದವರೆಲ್ಲ ಹನ್ನೊಂದು ತಿಂಗಳಿನವರು.

ಹೆಂಚು ಕೈಯಾಡಿಸದೆ ಕೆಲವು ಮಳೆಗಾಲ ಕಳೆದಿತ್ತು. ಮಂಗಗಳು ಮಾಡಿನ ಮೇಲೆ ಓಡಾಡಿ ಹೆಂಚು ಸರಿಸಿದ್ದವು, ಸರಿದಲ್ಲೆಲ್ಲ ನೀರು ಇಳಿದು ಪಕಾಸಿ ಕೊಳೆತಿತ್ತು. ಗೋಡೆಯ ಬುಡದಿಂದ ಒರಲೆ ಹತ್ತಿತ್ತು, ಅಟ್ಟದ ತೊಲೆಗಳಿಗೆ ಕುಟ್ಟೆ ಹಿಡಿದಿತ್ತು. ಆಚಾರ್ರು ಬಂದು ಒಂದೊಂದು ಮುಂಡಿಗೆಗೂ ಉಳಿಯ ಹಿಡಿಯಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತ ನಡೆದರು. ಹಲಸಿನ ಮುಂಡಿಗೆಗಳು ಗಟ್ಟಿಯಾಗಿದ್ದವು. ಅಡುಗೆಮನೆಗೆ ಹೋಗಿ ಮೇಲೆ ನೋಡಿ ನಿಂತರು. ಇಡೀ ಮನೆಯಲ್ಲಿ ಒರಲೆ ಮುಟ್ಟದ ಮಾಡು ಅದೊಂದೇ. ಎಷ್ಟೋ ತಲೆಮಾರಿನ ಹೊಗೆ ಕುಡಿದು ಪಕಾಸಿ, ರೀಪು, ತೊಲೆ ಎಲ್ಲ ಕರ್ರಗೆ ಮಿರಮಿರ ಮಿಂಚುತ್ತಿದ್ದವು.

“ಇದಕ್ಕೆ ಹೊಗೆ ಸಿಕ್ಕಿತ್ತು ಟೀಚರ್ರೇ, ಉಳೀತು. ಬಾಕಿಯದಕ್ಕೆ ಊಟ ನಿಲ್ಲಿಸಿಬಿಟ್ರಿ.”

ಮಲೆನಾಡಿನ ಮನೆಯ ಗುಟ್ಟು ಇಷ್ಟೇ. ಕಟ್ಟಿಗೆಯ ಹೊಗೆ ಮರದ ಪಸೆ ಆರಿಸುತ್ತದೆ, ಅದರ ಕಸರು ಮರದ ಮೇಲೆ ಎಣ್ಣೆಯಂಶದ ಪದರವಾಗಿ ಕೂರುತ್ತದೆ, ಹುಳುಗಳಿಗೆ ಅದು ಆಗದು. ಅಡುಗೆಮನೆಯ ಒಲೆ, ಬಚ್ಚಲೊಲೆ, ಅಡಿಕೆ ಬೇಯಿಸುವ ಒಲೆ, ಮೂರೂ ಸೇರಿ ಇಡೀ ಮನೆಗೆ ಹೊಗೆ ಸುತ್ತಿಸುತ್ತಿದ್ದವು. ಹೊಗೆಗೆ ದಾರಿಯಾಗಲೆಂದೇ ಗೋಡೆ ಮತ್ತು ಮಾಡಿನ ನಡುವೆ ಸಂದು ಬಿಟ್ಟಿರುತ್ತಿದ್ದರು. ಜನ ಇದ್ದರೆ ಒಲೆ, ಒಲೆಯಿದ್ದರೆ ಹೊಗೆ, ಹೊಗೆಯಿದ್ದರೆ ಮನೆ. ನಾನು ಬಾಡಿಗೆಯನ್ನು ಮನೆಯಿಂದ ಬರುವ ಆದಾಯ ಎಂದುಕೊಂಡು ಹೊರಟಿದ್ದೆ. ಆಚಾರ್ರು ಅದನ್ನು ಮನೆಗೇ ಹಾಕಬೇಕಾದ ಊಟ ಎಂದು ತಿದ್ದಿದರು.

ಹಳೆಯ ಮನೆಯ ರಿಪೇರಿ ಹಲಸಿನಹಣ್ಣು ಬಿಡಿಸಿದ ಹಾಗೆ, ಕೈಹಾಕಿದ ಮೇಲೆ ಅರ್ಧಕ್ಕೆ ತೊಳೆದುಕೊಳ್ಳುವ ಹಾಗಿಲ್ಲ. ಹೆಂಚು ಇಳಿಸಿದರೆ ರೀಪು ಹೋಗಿದೆ, ರೀಪು ಕೀಳುವಾಗ ಪಕಾಸಿ ಮುರಿಯುತ್ತದೆ, ಪಕಾಸಿ ಬದಲಿಸೋಣವೆಂದರೆ ಮರ ಎಲ್ಲಿದೆ? ಸ್ವಂತ ಜಾಗದಲ್ಲೇ ಬೆಳೆದು ನಿಂತ ಬೀಟೆ, ತೇಗ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಕೊನೆಗೆ ಕೊಟ್ಟಿಗೆ ಬಿಚ್ಚಿ ಮನೆಗೆ ಹಾಕಿದೆವು. ಎಲ್ಲದಕ್ಕೂ ಗೇರೆಣ್ಣೆ ಹೊಡೆಸಿದೆವು. ಅದರ ಘಾಟಿಗೆ ಒರಲೆಯ ಜೊತೆ ನೆಂಟರೂ ಒಂದು ತಿಂಗಳು ಹತ್ತಿರ ಸುಳಿಯಲಿಲ್ಲ.

ಹೆಂಚು ಇಳಿಸುವ ದಿನ ಇವರ ಒಂದು ಹೆಮ್ಮೆಯೂ ಇಳಿಯಿತು. ಹೆಂಚಿನ ಬೆನ್ನಿನ ಮೇಲೆ ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865’ ಎಂದು ಅಚ್ಚೊತ್ತಿದೆ. ಅದನ್ನು ತೋರಿಸಿ ತಮ್ಮ ಮನೆ 1865ರದ್ದು ಎಂದು ಇವರು ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ಬಂದಿದ್ದರು. ಮಂಗಳೂರಿನ ಜೆಪ್ಪುವಿನಲ್ಲಿ ಜರ್ಮನ್ ಮಿಷನರಿ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ತೆರೆದ ವರ್ಷ ಅದು. ಆಮೇಲೂ ಹೆಂಚುಗಳ ಮೇಲೆ ಅದೇ ಇಸವಿ ಒತ್ತುತ್ತಿದ್ದರು. ಅದಕ್ಕೂ ಮೊದಲು ನಮ್ಮ ಕಡೆಯ ಮನೆಗಳಿಗೆ ಅಡಿಕೆ ಸೋಗೆಯ ಇಲ್ಲವೆ ಹುಲ್ಲಿನ ಮಾಡು. ವರ್ಷವರ್ಷ ಹೊದಿಸಬೇಕು, ಬೆಂಕಿಗೆ ಹೆದರಬೇಕು. ಮಂಗಳೂರು ಹೆಂಚು ಎತ್ತಿನಗಾಡಿಯಲ್ಲಿ ಘಾಟಿ ಹತ್ತಿ ಬಂದಾಗ ಅದು ಉಳ್ಳವರ ಮಾಡಾಗಿತ್ತು. ಮನೆಯ ವಯಸ್ಸು ಐವತ್ತರವತ್ತು ವರ್ಷ ಕಡಿಮೆಯಾದದ್ದಕ್ಕೆ ಇವರು ಎರಡು ದಿನ ಮಂಕಾಗಿದ್ದರು. ನಾನು ಸಮಾಧಾನ ಹೇಳಿದೆ: ಕುಪ್ಪಳಿಯಲ್ಲಿ ಕುವೆಂಪು ಬೆಳೆದ ಮನೆಯೂ ಶಿಥಿಲವಾಗಿ, ಪ್ರತಿಷ್ಠಾನದವರು ಮತ್ತೆ ಕಟ್ಟಿ ನಿಲ್ಲಿಸಿದ್ದು. ಹೊಸ ಮರ ಸೇರಿದೆಯೆಂದು ಅಲ್ಲಿಗೆ ಹೋಗುವವರು ಕಡಿಮೆಯಾಗಿದ್ದಾರೆಯೆ?

ಇದರ ನಡುವೆ ಊರೂರು ಸುತ್ತಿ ಹಳೆಯ ಮನೆಗಳ ಮರ ಕೊಳ್ಳುವವನೊಬ್ಬ ಬಂದ. ಜಗಲಿಯ ಮುಂಡಿಗೆಗಳನ್ನು ಸವರಿ, ನಡುಮನೆಯ ಬಾಗಿಲ ಹತ್ತಿರ ನಿಂತು ಬೆಲೆ ಹೇಳಿದ. ಆ ಬಾಗಿಲು ಆ ಮನೆಗೆ ಹುಟ್ಟಿದ್ದಲ್ಲ. ಶರಾವತಿಗೆ ಲಿಂಗನಮಕ್ಕಿಯಲ್ಲಿ 1964ರಲ್ಲಿ ಅಣೆಕಟ್ಟು ಎದ್ದಾಗ ಸಾಗರ, ಹೊಸನಗರದ ಎಷ್ಟೋ ಊರುಗಳು ನೀರಿನಡಿ ಹೋದವು. ಅದಕ್ಕೂ ಹಿಂದೆ, 1948ರಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟಿಗೆ ಎದ್ದು ಹೋದವರಲ್ಲಿ ಕೆಲವರಿಗೆ ಅದು ಎರಡನೆಯ ಸಲ. ಆ ಹಳೆಯ ಅಣೆಕಟ್ಟೆಯೂ ಹೊಸದರ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ಇಳಿದರೆ ಈಗಲೂ ತಲೆ ಎತ್ತುತ್ತದೆ. ಹೊರಟವರು ಮನೆ ಬಿಚ್ಚಿ ಒಯ್ಯಲಾದಷ್ಟು ಒಯ್ದು, ಆಗದ್ದನ್ನು ಮಾರಿದರು. ಮಾವನವರು ಕೊಂಡ ಬಾಗಿಲು ಅದು. ಮರದವನು ಹೇಳಿದ ಬೆಲೆ ಹಲವು ವರ್ಷದ ಬಾಡಿಗೆಗಿಂತ ದೊಡ್ಡದು. ಗಣಿತದ ಟೀಚರಾಗಿ ನಾನು ಒಪ್ಪಲೇಬೇಕಾಗಿತ್ತು: ನಿಂತ ಮನೆಗಿಂತ ಬಿಚ್ಚಿದ ಮನೆಗೆ ಬೆಲೆ ಜಾಸ್ತಿ. ವಿಜಯನಾಥ ಶೆಣೈ ಅವರಂಥವರು ಇಂಥ ಮನೆಗಳನ್ನೇ ಬಿಚ್ಚಿ ತಂದು ಮಣಿಪಾಲದಲ್ಲಿ ಮತ್ತೆ ಮನೆಯಾಗಿಯೇ ನಿಲ್ಲಿಸಿದರು, ಅದು ಪುಣ್ಯದ ಕೆಲಸ. ನಮ್ಮ ಮುಂಡಿಗೆಗಳ ಹಣೆಬರಹದಲ್ಲಿ ಯಾವುದೋ ರೆಸಾರ್ಟಿನ ಬಾರಿತ್ತು. ಅತ್ತೆಯನ್ನು ಕೇಳಿದೆವು. “ಒಂದ್ಸಲ ನೀರಿಂದ ಎದ್ದು ಬಂದ ಬಾಗಿಲು ಅದು. ಇನ್ನೊಂದ್ಸಲ ಎಬ್ಬಿಸಬೇಡಿ” ಎಂದರು. ಮರದವನು ಕಾಫಿ ಕುಡಿದು ಹೋದ.

ಬಾಡಿಗೆಯವರು ಮನೆ ನೋಡಲು ಬರತೊಡಗಿದರು. ಕೆತ್ತನೆಯ ಬಾಗಿಲಿಗೆ ‘ಆಹಾ’, ತೊಟ್ಟಿಗೆ ‘ಓಹೋ’, ಆಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ: “ಬಾತ್‌ರೂಮು ಎಲ್ಲಿ?” ಹಳೆಯ ಮನೆಯಲ್ಲಿ ಬಚ್ಚಲು ಹಿತ್ತಲ ಕಡೆಗೆ, ಎಮ್ಮೆ ಮಿಂದರೂ ಸಾಲುವಷ್ಟು ದೊಡ್ಡದು. ಹಂಡೆಯಲ್ಲಿ ಸದಾ ಬಿಸಿನೀರು. ಅದಕ್ಕಿಂತ ಆಚೆಯದಕ್ಕೆ ಮಾತ್ರ ಕೊಡೆ ಹಿಡಿದು ಹೋಗಬೇಕು. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗಕ್ಕೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದಾಗ ಅಲ್ಲಿನ ಅರಮನೆಯ ಅವಶೇಷ ನೋಡಿದ್ದೆ. ನಾಯಕರ ಸಿಂಹಾಸನವಿಲ್ಲ, ಉಪ್ಪರಿಗೆಯಿಲ್ಲ, ಮರದ್ದೆಲ್ಲ ಮಣ್ಣಾಗಿದೆ. ಉಳಿದಿರುವುದು ಕಲ್ಲಿನ ತಳಪಾಯ, ಕಲ್ಲಿನ ಒಲೆ, ನೀರು ಹರಿಯುವ ಕಾಲುವೆ. ಕಾಲ ಪರೀಕ್ಷೆ ಮಾಡಿ ಉಳಿಸಿದ್ದು ಅಡುಗೆಮನೆ ಮತ್ತು ಬಚ್ಚಲನ್ನು. ಅದನ್ನು ನೆನೆದು ರಿಪೇರಿಯ ದುಡ್ಡಿನಲ್ಲಿ ದೊಡ್ಡ ಪಾಲನ್ನು ಪೈಪು, ಕಮೋಡು, ಚರಂಡಿಗೇ ಸುರಿದೆ. ಜಂಬಿಟ್ಟಿಗೆ ಗೋಡೆ ಕೊರೆದು ಪೈಪು ಕೂರಿಸುವಷ್ಟರಲ್ಲಿ ಪ್ಲಂಬರ್ ಎರಡು ಸಲ ಊರು ಬಿಟ್ಟು ಓಡಿದ್ದ.

ಸಾಗರದ ಮಹಡಿ ಸುಲಭವಾಗಿ ಹೋಯಿತು, ಊರೂರು ತಿರುಗಿ ನಾಟಕವಾಡುವ ಇಬ್ಬರು ಹುಡುಗರಿಗೆ. ಒಂದು ರಾತ್ರಿ ಮೇಲಿನಿಂದ “ಕೊಲ್ಲುತ್ತೇನೆ, ಬಿಡುವುದಿಲ್ಲ” ಎಂಬ ಆರ್ಭಟ ಕೇಳಿ ಪಕ್ಕದ ಮನೆಯವರು ದೊಣ್ಣೆ ಹಿಡಿದು ಬಂದರು. ತಾಲೀಮು ಎಂದು ತಿಳಿದ ಮೇಲೆ ಅಲ್ಲೇ ಕುಳಿತು ಪೂರ್ತಿ ನೋಡಿ, ಕೊನೆಯಲ್ಲಿ ಸತ್ತವನ ಅಭಿನಯ ಸಾಲದೆಂದು ತಿದ್ದಿಯೂ ಹೋದರು. ಮಾರಿಕಾಂಬೆಯ ಜಾತ್ರೆ ಮೂರು ವರ್ಷಕ್ಕೊಮ್ಮೆ. ಆಗ ಮಾತ್ರ ಹುಡುಗರ ನೆಂಟರು ಯಾರು, ನಮ್ಮ ನೆಂಟರು ಯಾರು ಎಂದು ತಿಳಿಯದೆ ಒಂಬತ್ತು ದಿನ ಎಲ್ಲರಿಗೂ ಒಟ್ಟಿಗೆ ಅನ್ನ ಮಾಡುತ್ತೇನೆ. ಆ ತಿಂಗಳ ಬಾಡಿಗೆ ಅಕ್ಕಿಗೆ ಸರಿಹೋಗುತ್ತದೆ.

ನಗರದ ಮನೆಗೆ ಯಾರು ಬರುತ್ತಾರೆ ಎಂಬುದೇ ಚಿಂತೆಯಾಗಿತ್ತು. ಹೋಂಸ್ಟೇ ಮಾಡಿ ಎಂದವರಿದ್ದರು. ಆಗುಂಬೆಯ ದೊಡ್ಡಮನೆಯ ಉದಾಹರಣೆ ಎಲ್ಲರ ಬಾಯಲ್ಲೂ ಇದೆ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ತೆಗೆದಾಗ ಸ್ವಾಮಿಯ ಮನೆಯಾದದ್ದು ಅದೇ, ಈಗಲೂ ಬಂದವರಿಗೆ ಅಲ್ಲಿ ಊಟ, ವಸತಿ. ಆದರೆ ಅಂಥ ಮನೆಯಲ್ಲಿ ಮನೆಯವರು ಇರುತ್ತಾರೆ. ಬೀಗದ ಮನೆಗೆ ಶನಿವಾರ ಬಂದು ಭಾನುವಾರ ಹೋಗುವ ಅತಿಥಿ ಒಲೆ ಹೊತ್ತಿಸುವುದಿಲ್ಲ, ಹೊಗೆ ಕಂಡರೆ ಕಿಟಕಿ ತೆಗೆಯುತ್ತಾನೆ.

ಅಷ್ಟರಲ್ಲಿ ಗದಗದ ಕಡೆಯಿಂದ ವರ್ಗವಾಗಿ ಬಂದ ಶಾಲಾ ಶಿಕ್ಷಕಿಯೊಬ್ಬಳು ಗಂಡ, ಅತ್ತೆಯ ಜೊತೆ ಮನೆ ನೋಡಲು ಬಂದಳು. ಗಂಡ ಹೆಂಡತಿ ಬಾತ್‌ರೂಮು ನೋಡಿದರು. ಆ ಅತ್ತೆ ನೇರ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅದರ ಬಾಯೊಳಗೆ ಕೈಯಾಡಿಸಿ, “ಗ್ಯಾಸಿನ ಮ್ಯಾಲ ರೊಟ್ಟಿ ಉಬ್ಬಂಗಿಲ್ರೀ. ಇದು ಛಲೋ ಒಲಿ ಐತಿ. ಹಚ್ಚಬಹುದೇನ್ರಿ?” ಎಂದು ಕೇಳಿದರು. ನನ್ನ ಅತ್ತೆ ಅಂದು ನಮ್ಮ ಜೊತೆ ಬಂದಿದ್ದರು. ನಾನು ಬಾಯಿ ತೆರೆಯುವ ಮೊದಲೇ, “ದಿನಾ ಹಚ್ಚಬೇಕು” ಎಂದರು. ಕರಾರು ಅಲ್ಲೇ, ಬೂದಿ ತುಂಬಿದ ಒಲೆಯ ಮುಂದೆ, ಇಬ್ಬರು ಅತ್ತೆಯರ ನಡುವೆ ಮುಗಿಯಿತು. ನಾನು ಆರು ಸಾವಿರ ಅಂದುಕೊಂಡಿದ್ದ ಬಾಡಿಗೆಯನ್ನು ಅತ್ತೆ ನಾಲ್ಕಕ್ಕೆ ಇಳಿಸಿದರು. ಬದಲಿಗೆ ಬೆಳಿಗ್ಗೆ ಸಂಜೆ ಒಲೆ, ಮಳೆಗಾಲದಲ್ಲಿ ಬಚ್ಚಲೊಲೆಯೂ. ಸೌದೆ, ಸೋಗೆ, ದಬ್ಬೆ ನಮ್ಮ ತೋಟದ್ದು, ಅದಕ್ಕೆ ಲೆಕ್ಕವಿಲ್ಲ. ವಕೀಲರ ಹನ್ನೊಂದು ತಿಂಗಳ ಕಾಗದದಲ್ಲಿ ಈ ಷರತ್ತಿಗೆ ಕಲಮು ಇರಲಿಲ್ಲ.

ಜೂನ್ ಕಳೆದು ಜುಲೈ ಬಂತು. ಟೀಚರ್ ಫೋನು ಮಾಡಿ, “ಮೇಡಂ, ಈ ಮಳಿ ಯಾವಾಗ ನಿಂದರ್ತದ?” ಎಂದು ಕೇಳಿದಳು. ದೀಪಾವಳಿಗೆ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಅತ್ತಿ ಅಂತಾರ, ಬಟ್ಟಿ ಒಲಿ ಮ್ಯಾಲಿನ ಅಟ್ಟದಾಗ ಒಣಗ್ತಾವಂತ, ನಡೀತೈತಿ ಬಿಡ್ರಿ” ಎಂದಳು. ಮಲೆನಾಡಿನಲ್ಲಿ ಹುಟ್ಟಿದವರು ಮರೆತ ಉಪಾಯ ಬಯಲುಸೀಮೆಯ ಮುದುಕಿಗೆ ಒಂದೇ ತಿಂಗಳಲ್ಲಿ ಹೊಳೆದಿತ್ತು. ಮಳೆಗಾಲ ಮುಗಿದ ಮೇಲೆ ಆಚಾರ್ರು ಬಂದು ಮತ್ತೆ ಮುಂಡಿಗೆಗಳನ್ನು ತಟ್ಟಿ ನೋಡಿದರು. ಕುಟ್ಟೆಯ ಹಿಟ್ಟು ಉದುರುವುದು ನಿಂತಿತ್ತು. ಅಟ್ಟದಲ್ಲಿ ಜೋಳದ ಚೀಲ ಕೂತಿತ್ತು.

ಅಂದು ಅಲ್ಲೇ ಊಟ. ಕಟಕ್ ರೊಟ್ಟಿ ಹಲ್ಲಿಲ್ಲದ ಅತ್ತೆಗೆ ಹೇಗೆ ಎಂದು ನಾನು ನೋಡುತ್ತಿದ್ದರೆ, ಆ ಹಿರಿಯರು ಬಿಸಿಬಿಸಿ ಮೆತ್ತನೆಯದೇ ಬೇಯಿಸಿ ಬೆಣ್ಣೆ ಇಟ್ಟರು. ಜಗಲಿಯಿಂದ ಕೆಳಗೆ, ಒಂದು ಕಾಲದಲ್ಲಿ ಇವರದಾಗಿದ್ದ ಗದ್ದೆ ಕಾಣುತ್ತಿತ್ತು. ಡಿಕ್ಲರೇಷನ್ ಹಾಕಿದವರ ಮೊಮ್ಮಕ್ಕಳು ಅದನ್ನು ಅಡಿಕೆ ತೋಟ ಮಾಡಿದ್ದಾರೆ. ಎಲೆಚುಕ್ಕಿ ಅಲ್ಲಿಗೂ ಬಂದಿದೆ. ಅತ್ತೆ ರೊಟ್ಟಿ ಮುರಿಯುತ್ತ, ಯಾರಿಗೂ ಅಲ್ಲವೆಂಬ ಹಾಗೆ, “ನಮ್ಮ ಹತ್ರವೇ ಇದ್ದಿದ್ರೆ ಯಾರು ಮಾಡ್ತಿದ್ರು, ಪಾಳು ಬೀಳ್ತಿತ್ತು” ಎಂದರು. ಐವತ್ತು ವರ್ಷದ ಆ ವಾಕ್ಯಕ್ಕೆ ಅವರು ಹಾಕಿದ ಮೊದಲ ತಿದ್ದುಪಡಿ ಅದು. ನಾನು ಅರಸರ ಮಾತು ಎತ್ತಲು ಹೋಗಲಿಲ್ಲ. ಒಂದೇ ಊಟದಲ್ಲಿ ಅಷ್ಟೆಲ್ಲ ಜೀರ್ಣವಾಗುವುದಿಲ್ಲ.

ಲೆಕ್ಕದ ಮಾತಿಗೆ ಬಂದರೆ, ಆದಾಯ ತೆರಿಗೆಯವರು ಮನೆಯ ಬಾಡಿಗೆಯಲ್ಲಿ ನೂರಕ್ಕೆ ಮೂವತ್ತನ್ನು ರಿಪೇರಿ ಇತ್ಯಾದಿಗೆಂದು ಬಿಟ್ಟು ಲೆಕ್ಕ ಹಾಕುತ್ತಾರೆ. ಅದನ್ನು ಬರೆದವರು ಹುಲಿಕಲ್ಲಿನ ಮಳೆಯಲ್ಲಿ ಒಂದು ರಾತ್ರಿ ಕಳೆದವರಲ್ಲ. ನಮ್ಮಲ್ಲಿ ಹೆಂಚು ಕೈಯಾಡಿಸುವವರ ಕೂಲಿ, ಒಡೆದ ಹೆಂಚು, ಗೇರೆಣ್ಣೆ, ಪ್ಲಂಬರನ ಮೂರನೆಯ ಆಗಮನ ಎಲ್ಲ ಕಳೆದರೆ ಉಳಿಯುವುದು ಬಸ್ ಚಾರ್ಜು. ಡಲ್ಲಾಸಿನವನು ನನ್ನ ಲೆಕ್ಕ ನೋಡಿ, “ಚಿಕ್ಕಮ್ಮಾ, ಇದರಲ್ಲಿ ಲಾಭ ಎಲ್ಲಿದೆ?” ಎಂದ. ಮಾಡಿನ ಮೇಲಿದೆ ಎಂದೆ. ಅವನ ಮನೆ ಮರದ ಚೌಕಟ್ಟಿನದಂತೆ, ಹಾಗಾಗಿ ಒರಲೆಗೆ ಔಷಧ ಹೊಡೆಯುವ ಕಂಪನಿಗೆ ವರ್ಷ ವರ್ಷ ದುಡ್ಡು ಕಟ್ಟುತ್ತಾನಂತೆ. ನನ್ನ ಕಂಪನಿಯವರು ನನಗೇ ತಿಂಗಳಿಗೆ ನಾಲ್ಕು ಸಾವಿರ ಕೊಡುತ್ತಾರೆ, ಮೇಲೆ ಶೇಂಗಾ ಚಟ್ನಿ.

ಈಗ ಸುತ್ತಮುತ್ತಲಿನವರು ಹಳೆಯ ಮನೆ ಬಾಡಿಗೆಗೆ ಬಿಡುವ ಯೋಚನೆಯಿಟ್ಟುಕೊಂಡು ನನಗೆ ಫೋನು ಮಾಡುತ್ತಾರೆ. ಸಾಲ ಎಲ್ಲಿ ಸಿಗುತ್ತದೆ, ಕರಾರು ಹೇಗೆ ಬರೆಸಬೇಕು, ಅಡ್ವಾನ್ಸ್ ಎಷ್ಟು ಹಿಡಿಯಬೇಕು ಎಂಬುದು ಅವರ ಪ್ರಶ್ನೆಗಳು. ಮೊದಲು ಖಾತೆ, ಪಹಣಿ ಸರಿಯಿದೆಯೇ ನೋಡಿ, ಆಚಾರ್ರನ್ನು ಕರೆಸಿ ಮುಂಡಿಗೆ ತಟ್ಟಿಸಿ, ಚರಂಡಿಗೆ ದುಡ್ಡು ಮೀಸಲಿಡಿ, ಹೆಂಚಿನವರ ನಂಬರು ಬ್ಯಾಂಕಿನವರ ನಂಬರಿಗಿಂತ ಮೇಲೆ ಬರೆದುಕೊಳ್ಳಿ ಎನ್ನುತ್ತೇನೆ. ಕೊನೆಗೆ ಎಲ್ಲರೂ ಕೇಳುವುದು, ಬಾಡಿಗೆ ಎಷ್ಟು ಹೇಳಲಿ ಎಂದು. ಆ ಇಲಾಖೆ ನನ್ನದಲ್ಲ ಎಂದು ಫೋನನ್ನು ಅತ್ತೆಯ ಕೈಗೆ ಕೊಡುತ್ತೇನೆ.

ಅತ್ತೆ ಅಂಕಣ ಎಷ್ಟು ಎಂದು ಕೇಳುವುದಿಲ್ಲ, ಕೋಣೆ ಎಷ್ಟು ಎಂದೂ ಕೇಳುವುದಿಲ್ಲ. ಅವರ ಪ್ರಶ್ನೆ ಒಂದೇ: “ಬರೋರು ಅನ್ನದವರಾ, ರೊಟ್ಟಿಯವರಾ?”